ಹಿಂದೆ ಬರುವವರಿಗೆ ದಾರಿ

ಹಳೆಯ ಟೂ-ಸ್ಟ್ರೋಕ್ ಗಾಡಿಗಳು ಈಗ ನಮ್ಮ ಕಡೆ ಅಪರೂಪ. ಉಳಿದಿರುವ ಒಂದೆರಡು ಹಾಲಿನ ಕ್ಯಾನು ಹೇರಿಕೊಂಡು ಕೆಮ್ಮುತ್ತಾ ಓಡಾಡುತ್ತವೆ. ಆದರೂ ವರ್ಷಕ್ಕೆ ನಾಲ್ಕಾರು ಸಲ, ನಮ್ಮ ಬೇಡಕಿಹಾಳದಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ನನ್ನ ಬೆನ್ನ ಹಿಂದೆ ಆ ಒಣ ಟರಟರ ಸದ್ದು ಕೇಳುತ್ತದೆ. ನಾನು ಏನನ್ನೂ ಯೋಚಿಸುವ ಮೊದಲೇ ನನ್ನ ಎಡಗೈ ಹ್ಯಾಂಡಲ್ ಬಿಟ್ಟು ಮೇಲೇಳುತ್ತದೆ. ಬನ್ನಿ, ಮುಂದೆ ಹೋಗಿ ಎಂದು ಬೀಸುತ್ತದೆ. ಕೆಲವು ಸಲ ಹಿಂದೆ ನಿಜವಾಗಿಯೂ ಗಾಡಿ ಇರುತ್ತದೆ. ಕೆಲವು ಸಲ ಇರುವುದಿಲ್ಲ.

ಈ ಕೈ ಒಂದು ಭಾನುವಾರ ಏನು ಮಾಡಿತು ಎನ್ನುವುದನ್ನು ನನ್ನ ಅಕ್ಕನಿಗೆ ಹೇಳಬೇಕೆಂದು ನಾನು ಆರು ವರ್ಷ ಒದ್ದಾಡಿದ್ದೇನೆ.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟರ್. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ನಮ್ಮ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅದರ ಮೇಲೆ ಎರಡು ಆಳೆತ್ತರ ಕಬ್ಬು, ಹಿಂದೆ ದೀಪವಿಲ್ಲ, ಕನ್ನಡಿಯಿದ್ದರೂ ಅದರಲ್ಲಿ ಕಾಣುವುದು ಕಬ್ಬಿನ ಗರಿ ಮಾತ್ರ. ಹಾಗಾಗಿ ನಮ್ಮಲ್ಲಿ ಕಣ್ಣಿಗಿಂತ ಕಿವಿಯ ಮೇಲೆ ಗಾಡಿ ಓಡುತ್ತದೆ. ಹಿಂದೆ ಸದ್ದು ಕೇಳಿದರೆ ಮುಂದಿನವನು ಎಡಕ್ಕೆ ಸರಿದು ಕೈ ಬೀಸಬೇಕು. ಕಬ್ಬಿನ ಮೇಲೆ ಕೂತವನು ಟವೆಲ್ ಬೀಸುತ್ತಾನೆ, ಬೈಕಿನವನು ಎಡಗೈ ಬೀಸುತ್ತಾನೆ. ಬೀಸದೆ ಹೋದವನಿಗೆ ಸೊಕ್ಕು ಎನ್ನುತ್ತಾರೆ. ಗೇರು ಬದಲಿಸುವುದಕ್ಕಿಂತ ಮೊದಲು ನಾನು ಕೈ ಬೀಸುವುದನ್ನು ಕಲಿತೆ ಎಂದರೂ ತಪ್ಪಿಲ್ಲ.

ಇದರ ಮೇಲೆ ನಮ್ಮ ಮನೆಯದೇ ಒಂದು ರೂಢಿ. ಅಕ್ಕನ ಗಂಡನನ್ನು ಈ ಗಡಿಯಲ್ಲಿ ನಾವು ಮರಾಠಿಯವರ ಹಾಗೆ ದಾಜಿ ಎಂದು ಕರೆಯುತ್ತೇವೆ. ಅಕ್ಕನನ್ನು ಕಾಗವಾಡದ ಹತ್ತಿರದ ಹಳ್ಳಿಗೆ, ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದೆವು. ಎಲ್ಲಿಗಾದರೂ ಎರಡು ಗಾಡಿಯಲ್ಲಿ ಹೊರಟರೆ ದಾಜಿಯ ಗಾಡಿ ಮುಂದೆ, ನನ್ನದು ಹಿಂದೆ. ನಮ್ಮ ಗಾಡಿಯ ಧೂಳು ಮನೆ ಅಳಿಯನ ಮುಖಕ್ಕೆ ಬೀಳಬಾರದು ಎಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ. ಅಪ್ಪನೂ ಅವ್ವನೂ ತೀರಿಹೋದ ಮೇಲೆ ನಾನು ಈ ರೂಢಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಅಕ್ಕನಿಗೆ ತವರು ಎಂದು ಉಳಿದವನು ನಾನೊಬ್ಬನೇ. ಪ್ರತಿ ವರ್ಷ ನಾಗರ ಪಂಚಮಿಗೆ ನಾನೇ ಹೋಗಿ ಅವಳನ್ನು ಕರೆತರಬೇಕು, ಹಬ್ಬದ ಉಂಡಿ ಕಟ್ಟಿಸಿ ತಿನ್ನಿಸಿ ಕಳಿಸಬೇಕು.

ದಾಜಿಯ ಹತ್ತಿರ ಒಂದು ಹಳೆಯ ಟೂ-ಸ್ಟ್ರೋಕ್ ಇತ್ತು. ಮದುವೆಗಿಂತ ಮೊದಲಿನದು. ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿಕೊಂಡು ವಾರಕ್ಕೊಮ್ಮೆ ಬಿಚ್ಚಿ ಜೋಡಿಸುತ್ತಿದ್ದರು. ಅಕ್ಕ ಅದನ್ನು ಸವತಿ ಎನ್ನುತ್ತಿದ್ದಳು. ತಮಾಷೆಗೇ, ಆದರೆ ಪೂರ್ತಿ ತಮಾಷೆಯೂ ಅಲ್ಲ.

ಎರಡು ಸಾವಿರದ ಹತ್ತು ದಾಟಿದ ಹೊತ್ತಿಗೆ, ಮಹಾರಾಷ್ಟ್ರದ ಗಡಿಯ ಕೊಗನೊಳ್ಳಿ ನಾಕಾ ದಾಟಿ ಒಂದು ತಾಸಿನ ದಾರಿಯಲ್ಲಿ, ಒಂದು ಸಣ್ಣ ರೇಸ್ ಟ್ರ್ಯಾಕಿನಲ್ಲಿ ಭಾನುವಾರಗಳಂದು ಯಾರು ಬೇಕಾದರೂ ತಮ್ಮ ಬೈಕ್ ತಂದು ಓಡಿಸಬಹುದು, ಕಲಿಸುವವರೂ ಇರುತ್ತಾರೆ ಎಂಬ ಸುದ್ದಿ ಬಂತು. ಸುದ್ದಿ ತಂದವರು ದಾಜಿ. ಅವರೇ ಮೊದಲು ಎರಡು ಸಲ ಹೋಗಿಬಂದರು. ಬಂದು ನನಗೆ ಹೇಳಿದರು, "ಲೇ, ಇಷ್ಟ ವರ್ಷ ಗಾಡಿ ನಮ್ಮನ್ನ ಹೊಡದೈತಿ, ನಾವು ಗಾಡಿ ಹೊಡದಿಲ್ಲ. ಒಂದ ಸಲ ಬಾ."

ಮೇ ತಿಂಗಳು. ನಮ್ಮ ಕಾರ್ಖಾನೆ ನಿಂತಿತ್ತು, ಅವರ ತೋಟದಲ್ಲಿ ಏಪ್ರಿಲ್ ತಿಂಗಳ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದಿತ್ತು. ಅಕ್ಕ ಬೇಡವೆಂದಳು. ನಾನು, "ಅಕ್ಕಾ, ನಾ ಇರತೀನಲ್ಲ ಜೋಡಿ" ಎಂದೆ. ಆ ಮಾತು ಈಗಲೂ ಕಿವಿಯಲ್ಲಿದೆ. ಅಷ್ಟು ಧೈರ್ಯದಿಂದ ನಾನು ಬೇರೆ ಯಾವ ಮಾತನ್ನೂ ಆಡಿದ್ದು ನೆನಪಿಲ್ಲ.

ಟ್ರ್ಯಾಕಿನಲ್ಲಿ ಜಾತ್ರೆಯ ಹಾಗೆ ಜನ. ಇಪ್ಪತ್ತು ಗಾಡಿಗೆ ಸಾಕಾಗುವ ಜಾಗದಲ್ಲಿ ಅದರ ಎರಡರಷ್ಟು ಸೇರಿದ್ದವು. ಪುಣೆಯಿಂದ ಬಂದ ಕೆಲವರು ತಲೆಯಿಂದ ಕಾಲಿನವರೆಗೆ ಚರ್ಮದ ಉಡುಪು ತೊಟ್ಟು, ಗಾಡಿ ಹತ್ತುವುದಕ್ಕಿಂತ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದರಲ್ಲಿ ಮಗ್ನರಾಗಿದ್ದರು. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಅವರಲ್ಲಿ ಯಾರೂ ಆ ದಿನ ಯಾರನ್ನೂ ಬೀಳಿಸಲಿಲ್ಲ.

ಕಲಿಸುವವರು ಒಬ್ಬ ನರೆತ ಕೂದಲಿನ ಮನುಷ್ಯ. ಹಿಂದೊಮ್ಮೆ ರೇಸ್ ಓಡಿಸಿದವರು, ಎಲ್ಲರೂ ಸರ್ ಎನ್ನುತ್ತಿದ್ದರು. ನಮ್ಮ ಕೈಯಿಂದ ಕನ್ನಡಿಗಳನ್ನು ಬಿಚ್ಚಿಸಿದರು, ದೀಪಗಳಿಗೆ ಟೇಪ್ ಹಚ್ಚಿಸಿದರು. ಟೈರಿನ ಗಾಳಿ, ಚೈನು, ಬ್ರೇಕು ಒಂದೊಂದನ್ನೂ ಮುಟ್ಟಿ ನೋಡಿದರು. ಮೊದಲ ಎರಡು ಸುತ್ತು ನಿಧಾನ, ಸುಸ್ತಾದರೆ ಹೊರಗೆ ಬನ್ನಿ, ಹೊರಬರುವಾಗ ಮೊದಲೇ ಕಾಲು ಚಾಚಿ ತೋರಿಸಿ, ಹಳದಿ ಬಾವುಟ ಕಂಡರೆ ಯಾರನ್ನೂ ದಾಟಬೇಡಿ. ಕೊನೆಗೆ, ನಾವು ಗಡಿಯವರೆಂದು ತಿಳಿದು, ಮರಾಠಿ ಕನ್ನಡ ಕಲಸಿ ಒಂದು ಮಾತು ಹೇಳಿದರು. "ಹಿಂದ ಯಾರ ಬರಾಕತ್ತಾರ, ತೇ ತುಮಚಂ ಕಾಮ್ ನಾಹೀ. ನೀವು ನಿಮ್ಮ ಲೈನ್ ಬಿಡಬ್ಯಾಡ್ರಿ. ದಾಟಾಂವ ದಾರಿ ನೋಡಕೋತಾನ."

ಹಿಂದೆ ಯಾರು ಬರುತ್ತಿದ್ದಾರೆಂದು ನೋಡುವುದು ನಿಮ್ಮ ಕೆಲಸವಲ್ಲ ಎಂದು ಅರ್ಥ. ನಾನು ತಲೆಯಾಡಿಸಿದೆ. ಮಾತು ಅರ್ಥವಾಗಿತ್ತು. ಅರ್ಥವಾದದ್ದು ತಲೆಗೆ, ಕೈಗೆ ಯಾರೂ ಹೇಳಿರಲಿಲ್ಲ.

ಹೊಸಬರದು ಒಂದು ಗುಂಪು, ಸ್ವಲ್ಪ ಪಳಗಿದವರದು ಇನ್ನೊಂದು. ನಾನು ಮೊದಲನೆಯದರಲ್ಲಿ, ದಾಜಿ ಎರಡನೆಯದರಲ್ಲಿ. ಬೆಳಿಗ್ಗೆಯೆಲ್ಲ ಚೆನ್ನಾಗಿ ನಡೆಯಿತು. ತಿರುವಿನಲ್ಲಿ ನೆಲ ನೋಡದೆ ಮುಂದಿನ ದಾರಿ ನೋಡುವುದು ಕಲಿತೆ, ಗಾಡಿ ತಾನೇ ಬಗ್ಗಿತು. ಅಷ್ಟು ಖುಷಿ ನನಗೆ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ದಾಜಿ, "ಹೆಂಗನಸ್ತು?" ಎಂದರು. ನಾನು ಬಾಯಿ ತುಂಬ ಚಪಾತಿ ಇಟ್ಟುಕೊಂಡು ನಕ್ಕೆ.

ಊಟದ ನಂತರ ಹೊತ್ತು ಸಾಲದು ಎಂದು ಎರಡೂ ಗುಂಪುಗಳನ್ನು ಕೂಡಿಸಿದರು. ನಿಧಾನದವರು ಮೊದಲು, ಜೋರಿನವರು ಹಿಂದೆ. ಹಾಗೆ ಅಕ್ಕನ ಮದುವೆಯಾದ ಹದಿಮೂರು ವರ್ಷಗಳಲ್ಲಿ ಮೊದಲ ಸಲ ದಾಜಿಯ ಗಾಡಿ ನನ್ನ ಹಿಂದೆ ಬಂತು.

ಮೂರನೆಯ ಸುತ್ತಿನಲ್ಲಿ ಆ ಸದ್ದು ಕೇಳಿತು. ಅಷ್ಟು ಗಾಡಿಗಳ ನಡುವೆ ಟೂ-ಸ್ಟ್ರೋಕ್ ಅದೊಂದೇ. ಮುಂದೆ ಎಡ ತಿರುವು. ಎಡಕ್ಕೆ ತಿರುಗುವ ಮೊದಲು ಗಾಡಿ ಬಲ ಅಂಚಿನಲ್ಲಿ ಇರಬೇಕು, ನಾನು ಬಲ ಅಂಚಿನಲ್ಲೇ ಇದ್ದೆ. ಎಡಗಡೆ ಅಷ್ಟೂ ಖಾಲಿ. ನಾನು ಹಾಗೇ ಇದ್ದಿದ್ದರೆ ದಾಜಿ ಎಡಗಡೆಯಿಂದ ಸಲೀಸಾಗಿ ದಾಟುತ್ತಿದ್ದರು, ಅವರು ಅಲ್ಲಿಂದಲೇ ಬರುತ್ತಿದ್ದರು. ಆದರೆ ಹಿಂದೆ ಬರುತ್ತಿರುವವರು ದಾಜಿ. ಮನೆ ಅಳಿಯ ನನ್ನ ಬೆನ್ನಿಗಿದ್ದಾರೆ. ನನಗೆ ನಾಚಿಕೆಯಾಯಿತು. ಹೌದು, ಆ ಕ್ಷಣ ನನಗೆ ಆದದ್ದು ಭಯವಲ್ಲ, ನಾಚಿಕೆ. ಕಬ್ಬಿನ ರಸ್ತೆಯಲ್ಲಿ ಮಾಡುವ ಹಾಗೆ ವೇಗ ತಗ್ಗಿಸಿ, ಎಡಕ್ಕೆ ಸರಿದು, ಎಡಗೈ ಎತ್ತಿ ಬೀಸಿದೆ.

ಸದ್ದು ನನ್ನ ಎಡ ಮೊಣಕಾಲಿನ ತನಕ ಬಂತು. ಆಮೇಲೆ ನಿಂತಿತು.

ನಾನು ಬಿದ್ದಿರಲಿಲ್ಲ, ನನ್ನನ್ನು ಏನೂ ಮುಟ್ಟಿರಲಿಲ್ಲ. ತಿರುವು ಮುಗಿಸಿ ಹೊರಳಿ ನೋಡಿದಾಗ ದಾಜಿಯ ಗಾಡಿ ಹುಲ್ಲಿನ ಮೇಲೆ ಅಡ್ಡ ಬಿದ್ದು ಹಿಂದಿನ ಚಕ್ರ ಸುಮ್ಮನೆ ತಿರುಗುತ್ತಿತ್ತು. ಹಿಂದಿನ ಸಂಜೆ ಬೇಸಿಗೆಯ ಒಂದು ಅಡ್ಡಮಳೆ ಬಿದ್ದು ಹುಲ್ಲಿನ ಕೆಳಗೆ ಕೆಸರಾಗಿತ್ತು. ನನ್ನನ್ನು ತಪ್ಪಿಸಲು ಅವರು ಇನ್ನೂ ಎಡಕ್ಕೆ ಎಳೆದಿದ್ದರು. ಅವರ ಬಲಗೈ ಹ್ಯಾಂಡಲ್ ಅಡಿ ಸಿಕ್ಕಿತ್ತು. ಕೆಂಪು ಬಾವುಟ ಎದ್ದಿತು, ಎಲ್ಲ ಗಾಡಿಗಳೂ ಒಂದೊಂದಾಗಿ ಶಾಂತವಾದವು.

ಸರ್ ಓಡಿಬಂದು ಏನಾಯಿತು ಎಂದು ಕೇಳಿದರು. ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದವನು ಆ ಗಳಿಗೆಯಲ್ಲಿ ಮತ್ತೊಂದು ಗಾಡಿಯನ್ನು ನೋಡುತ್ತಿದ್ದನಂತೆ. ಹೇಳಬೇಕಾದವನು ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ದಾಜಿ ಹಲ್ಲು ಕಚ್ಚಿಕೊಂಡು ಹೇಳಿದರು, "ಬ್ರೇಕ್ ತಡಾ ಆತ್ರಿ. ನಂದ ತಪ್ಪು."

ಅವರು ಅದನ್ನೇ ನಂಬಿದ್ದಾರೆ ಎಂದುಕೊಂಡೆ. ನಾನು ಬಾಯಿ ಮುಚ್ಚಿದೆ. ಆ ಬಾಯಿ ಆರು ವರ್ಷ ಮುಚ್ಚಿಕೊಂಡೇ ಇತ್ತು.

ಮಿರಜಿನ ಆಸ್ಪತ್ರೆಯಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದರು. ಡಾಕ್ಟರು ಒಳ್ಳೆಯವರು, ಆಗುವಷ್ಟು ಮಾಡಿದರು. ಮಣಿಕಟ್ಟು ಕೂಡಿತು, ಬೆರಳುಗಳು ಉಳಿದವು. ಆದರೆ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಭುಜ ಹಿಡಿದು ಅತ್ತಳು. "ನೀ ಇದ್ದಿ ಅಂತ ಜೀವಾ ಉಳೀತು" ಎಂದಳು. ನಾನು ಔಷಧದ ಚೀಟಿ ಹಿಡಿದು ಮೆಟ್ಟಿಲಿಳಿದೆ.

ಅದೇ ವರ್ಷ ಅಕ್ಟೋಬರಿನ ಚಾಟಣಿಗೆ ನಾನು ರಜೆ ಹಾಕಿ ಹೋದೆ. ದ್ರಾಕ್ಷಿಯವರ ವರ್ಷವೆಲ್ಲ ಈ ಕೆಲಸದ ಮೇಲೆ ನಿಂತಿರುತ್ತದೆ. ಯಾವ ಕಡ್ಡಿಯನ್ನು ಎಷ್ಟು ಚಿಗುರುಗಣ್ಣು ಬಿಟ್ಟು ಕತ್ತರಿಸಬೇಕು ಎನ್ನುವುದು ಕೈಗೆ ಗೊತ್ತಿರಬೇಕು, ಆ ಸೀಮೆಯಲ್ಲಿ ದಾಜಿಯ ಕೈಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಅವರು ಬಲಗೈಗೆ ಕತ್ತರಿ ತೆಗೆದುಕೊಂಡು ಒಂದು ಕಡ್ಡಿ ಹಿಡಿದರು. ಒತ್ತಿದರು. ಕತ್ತರಿ ಜಾರಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಮೂರನೆಯ ಸಲ ಅಕ್ಕ ಎತ್ತಿಕೊಟ್ಟಳು.

"ಇನ್ನೂ ಜೋರ ಗಾಡಿ ಹೊಡೀರಿ" ಎಂದಳು. "ನಲವತ್ತರ ಹತ್ತಿರ ಬಂದ್ರೂ ಹುಡುಗಾಟ. ನಿಮಗ ಒಬ್ಬರಿಗಿ ಸುಖಾ, ಮನಿಯಾಗ ಎಲ್ಲಾರಿಗೂ ಸಂಕಟ."

ದಾಜಿ ಕತ್ತರಿ ತೆಗೆದುಕೊಂಡರು. ಎಡಗೈಗೆ ಕತ್ತರಿ ಬದಲಿಸಿಕೊಂಡು ಮಗುವಿನ ಹಾಗೆ ಮೊದಲಿಂದ ಶುರುಮಾಡಿದರು. ಅಲ್ಲಿಂದ ಪ್ರತಿ ಸಲವೂ ಇದೇ. ಲೋಟ ಕೈಜಾರಿದರೆ, ಅಂಗಿಯ ಗುಂಡಿ ಹಾಕಲಾಗದಿದ್ದರೆ, ಅಕ್ಕನ ಬಾಯಿಂದ ಅದೇ ಮಾತು. ಅವಳ ಸಿಟ್ಟು ಹಳತಾಗಲಿಲ್ಲ. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಪಂಚಮಿಗೆ ಅವಳನ್ನು ಹಿಂದೆ ಕೂರಿಸಿಕೊಂಡು ಬರುವಾಗ, ಕೃಷ್ಣೆಯ ಸೇತುವೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುವುದು. ಸೇತುವೆ ದಾಟಿದರೆ ರಾಯಬಾಗ ಬರಲಿ. ರಾಯಬಾಗ ಬಂದರೆ ಚಿಕ್ಕೋಡಿ. ಚಿಕ್ಕೋಡಿ ಬಂದರೆ ಇನ್ನೇನು ಮನೆ ಬಂತು.

ಮನೆಯಲ್ಲಿ ಯಾರಿಗೂ ಹೇಳದೆ ನಾನು ಟ್ರ್ಯಾಕಿಗೆ ಮರಳಿ ಹೋದೆ. ಓಡಿಸಲಿಕ್ಕಲ್ಲ. ಸರ್ ಹತ್ತಿರ ಹೋಗಿ ಆ ಎಡ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುತ್ತೇನೆ ಎಂದೆ. ಅವರು ಯಾಕೆಂದು ಕೇಳಲಿಲ್ಲ. ತಿಂಗಳಿಗೊಂದು ಭಾನುವಾರ ನಿಂತೆ. ಹುಲ್ಲು ಮತ್ತೆ ಬೆಳೆದಿತ್ತು, ಬಿದ್ದ ಗುರುತೇನೂ ಇರಲಿಲ್ಲ, ನನಗೆ ಮಾತ್ರ ಅಳತೆ ಹಿಡಿದ ಹಾಗೆ ಜಾಗ ಗೊತ್ತಿತ್ತು. ಗಾಡಿಗಳೆಲ್ಲ ಹೊರಗೆ ಹೋದ ಮೇಲೆ, ಖಾಲಿ ಟ್ರ್ಯಾಕಿನಲ್ಲಿ, ಆ ಟರಟರ ದೂರದಿಂದ ಬಂದು ನನ್ನ ಎಡ ಮೊಣಕಾಲಿನ ಹತ್ತಿರ ನಿಲ್ಲುತ್ತಿತ್ತು. ಮೊದಮೊದಲು ನಮ್ಮ ಪಕ್ಕದೂರು ಬೋರಗಾಂವದ ವಿದ್ಯುತ್ ಮಗ್ಗಗಳ ಸದ್ದು ಕಿವಿಯಲ್ಲಿ ಉಳಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಂದ ಬೋರಗಾಂವ ಎಷ್ಟು ದೂರ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ.

ನಮ್ಮ ಕಡೆಯವರು ಕಲಿಯಲು ಬಂದರೆ ಸರ್ ನನ್ನ ಹತ್ತಿರ ಕಳಿಸುತ್ತಿದ್ದರು. ನಿಪ್ಪಾಣಿಯವರು, ಅಥಣಿಯವರು, ಎಲ್ಲರೂ ಕಬ್ಬಿನ ರಸ್ತೆಯಲ್ಲಿ ಕಲಿತವರೇ. ಹಿಂದೆ ಸದ್ದು ಕೇಳಿದರೆ ಎಡಕ್ಕೆ ಸರಿಯುವವರೇ. ನಾನು ಪಕ್ಕದ ಬಯಲಿನಲ್ಲಿ ಅವರನ್ನು ಮುಂದೆ ಬಿಟ್ಟು ಹಿಂದಿನಿಂದ ಹಾರ್ನ್ ಒತ್ತುತ್ತಾ ಹೋಗುತ್ತಿದ್ದೆ. ಸರಿದರೆ ಮತ್ತೆ ಮೊದಲಿಂದ. ಕೈ ಎತ್ತಿದರೆ ಮತ್ತೆ ಮೊದಲಿಂದ. ಹಾರ್ನ್ ಕೇಳಿಯೂ ಭುಜ ಅಲುಗಾಡದ ತನಕ ಅವರನ್ನು ಟ್ರ್ಯಾಕಿಗೆ ಬಿಡುತ್ತಿರಲಿಲ್ಲ. "ನಿಮ್ಮಪ್ಪ ಬಂದ್ರೂ ಸರೀಬ್ಯಾಡ್ರಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಒಬ್ಬ ವಯಸ್ಸಾದ ರೈತ, ಮೂರು ಸಲ ತಪ್ಪಿದ ಮೇಲೆ, "ಇದು ಮರ್ಯಾದಿ ಬಿಟ್ಟಂಗ ಆಗತೈತ್ರೀ" ಎಂದ. ನಾನು ಅವನ ಮೇಲೆ ಸಿಕ್ಕಾಪಟ್ಟೆ ರೇಗಿದೆ. ಆಮೇಲೆ ಹೋಗಿ ಕ್ಷಮೆ ಕೇಳಿದೆ.

ಆರು ವರ್ಷ ಕಳೆದ ಮೇಲೆ, ಪಂಚಮಿಗೆ ಅಕ್ಕನ ಮನೆಗೆ ಹೋದಾಗ ಅವಳು ಸೀರೆ ಮಡಚುತ್ತಿದ್ದಳು. ದಾಜಿ ಶೆಡ್ಡಿನಲ್ಲಿದ್ದರು. ಒಣದ್ರಾಕ್ಷಿಯ ಕಾಲ ಮುಗಿದು ಹಣ್ಣು ಒಣಗಿಸುವ ಬಲೆಯ ಅಟ್ಟಗಳೆಲ್ಲ ಖಾಲಿ. ಅವರು ಆ ಟೂ-ಸ್ಟ್ರೋಕಿನ ಮೇಲಿನ ತಾಡಪತ್ರಿ ಸರಿಸಿ ಎಡಗೈಯಿಂದ ಟ್ಯಾಂಕ್ ಒರೆಸುತ್ತಿದ್ದರು. ಅದನ್ನು ಮಾರಿರಲಿಲ್ಲ, ಓಡಿಸಿಯೂ ಇರಲಿಲ್ಲ. ನಾನು ನಿಂತಲ್ಲೇ ಹೇಳಿಬಿಟ್ಟೆ.

"ದಾಜಿ, ಅವತ್ತ ನೀವು ಬ್ರೇಕ್ ತಡಾ ಮಾಡಲಿಲ್ರಿ. ನಾ ಎಡಕ್ಕ ಸರದೆ. ನಿಮಗ ದಾರಿ ಬಿಡಾಕ ಹೋಗಿ ಅಡ್ಡ ಬಂದೆ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ" ಎಂದರು. "ಕೈ ಬೀಸಿದ್ದೀ. ನಿನ್ನ ಕೈ ನೋಡಕೋತನ ಬಿದ್ದೀನಿ."

ನಾನು ಅಲ್ಲೇ ನೆಲದ ಮೇಲೆ ಕೂತೆ. "ಮತ್ತ ಯಾಕ ಹೇಳಲಿಲ್ರಿ? ಅಕ್ಕ ದಿನಾ ನಿಮಗ ಬೈತಾಳು. ಇವತ್ತ ನಾ ಆಕಿಗಿ ಹೇಳತೀನಿ."

"ಹೇಳಬ್ಯಾಡ." ಮೊದಲ ಸಲ ನನ್ನ ಕಡೆ ತಿರುಗಿದರು. "ಆಕಿ ಸಿಟ್ಟ ಯಾರ ಮ್ಯಾಲರ ಇರಬೇಕಲ್ಲ. ನನ್ನ ಮ್ಯಾಲ ಇದ್ರ ಏನಾಗತೈತಿ, ಬೈತಾಳು, ಮತ್ತ ಊಟಕ್ಕ ಕರೀತಾಳು. ನಿನ್ನ ಮ್ಯಾಲ ಬಂತಂದ್ರ ಪಂಚಮಿಗಿ ಆಕಿ ಎಲ್ಲಿ ಹೋಗಬೇಕು? ಆಕಿಗಿ ತವರ ಅಂದ್ರ ನೀ ಒಬ್ಬನ." ಮತ್ತೆ ಟ್ಯಾಂಕಿನ ಕಡೆ ತಿರುಗಿ, "ಹೇಳಿದ್ರ ನಿನಗ ಹಗುರ ಆಗತೈತಿ. ಆಕಿಗಿ ಅಲ್ಲ" ಎಂದರು.

ನನಗೆ ಅವರ ಕಾಲಿಗೆ ಬೀಳಬೇಕು ಎನಿಸಲಿಲ್ಲ. ಸಿಟ್ಟು ಬಂತು. ಆರು ವರ್ಷ ಹೊತ್ತದ್ದನ್ನು ಇಳಿಸಲು ಬಂದರೆ, ಇವರು ಅದನ್ನು ಇನ್ನೊಂದು ಗಂಟು ಹಾಕಿ ವಾಪಸ್ ನನ್ನ ತಲೆಯ ಮೇಲೆ ಇಟ್ಟಿದ್ದರು. ಅವರ ಮಾತು ಸರಿ ಎನ್ನುವುದು ಗೊತ್ತಿದ್ದರಿಂದಲೇ ಸಿಟ್ಟು ಹೆಚ್ಚಾಯಿತು. ಎದ್ದು ಬಂದೆ. ಅವರು ತಾಡಪತ್ರಿಯನ್ನು ಎಡಗೈಯಿಂದ ಎಳೆದು ಮತ್ತೆ ಗಾಡಿ ಮುಚ್ಚಿದರು.

ಅಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದೆ ಕೂತಳು. ಸೇತುವೆ ದಾಟಿದೆವು. ಕೃಷ್ಣೆ ದಂಡೆ ತುಂಬಿ ಹರಿಯುತ್ತಿತ್ತು. ರಾಯಬಾಗ ದಾಟಿ ಎರಡೂ ಕಡೆ ಕಬ್ಬು ಎದ್ದು ನಿಂತ ರಸ್ತೆಗೆ ಬಂದಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ತಮ್ಮಾ, ಒಂದ ಮಾತ ಕೇಳತೀನಿ, ಖರೇ ಹೇಳ. ಅವತ್ತ ಅವರು ಭಾಳ ಜೋರ ಹೊಡದಿದ್ರೇನ?"

ಆರು ವರ್ಷಗಳಲ್ಲಿ ಅವಳು ಇದನ್ನು ನನಗೆ ಕೇಳಿರಲಿಲ್ಲ. "ಯಾಕಕ್ಕಾ?" ಎಂದೆ.

"ನಾ ಏನಂದ್ರೂ ಅವರು ಎದುರ ಮಾತಾಡೂದಿಲ್ಲ. ತಪ್ಪ ಮಾಡಿದಾಂವ ಇಷ್ಟ ಸುಮ್ಮ ಇರೂದಿಲ್ಲ. ಒಮ್ಮೊಮ್ಮಿ ನಾನ ಅವರಿಗಿ ಅನ್ಯಾಯ ಮಾಡಾಕತ್ತೀನೇನೋ ಅನಸತೈತಿ. ನೀ ಅಲ್ಲೇ ಇದ್ದಿ. ನೀ ಹೇಳಿದ್ರ ನಂಬತೀನಿ."

ಕಬ್ಬಿನ ಗರಿ ಗಾಳಿಗೆ ಸರಸರ ಎನ್ನುತ್ತಿತ್ತು. ನಾನು ಒಂದು ಗೇರು ಇಳಿಸಿದೆ.

"ಹೂಂ, ಅಕ್ಕಾ" ಎಂದೆ. "ಜೋರ ಇದ್ರು."

ಅವಳು ಉಸಿರು ಬಿಟ್ಟದ್ದು ನನ್ನ ಬೆನ್ನಿಗೆ ತಾಗಿತು. "ಅಂದ್ರ ನಾ ಅಂದದ್ದ ಖರೇ" ಎಂದಳು. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಬೇರೆ ಉತ್ತರಕ್ಕೆ ಕಾದವಳ ದನಿ ಅದು.

ಆಗ ಹಿಂದೆ ಆ ಸದ್ದು ಬಂತು. ಒಣ ಟರಟರ, ಹತ್ತಿರ ಬರುತ್ತಾ ಬರುತ್ತಾ ನನ್ನ ಎಡ ಮೊಣಕಾಲಿನ ಕಡೆಗೆ. ನನ್ನ ಎಡಗೈ ಹ್ಯಾಂಡಲ್ ಬಿಟ್ಟು ಮೇಲೆದ್ದಿತು. ಗಾಡಿ ಸಣ್ಣಗೆ ಎಡಕ್ಕೆ ವಾಲಿತು. ಅಕ್ಕ ಹಿಂದಿನಿಂದ ಕೈ ಚಾಚಿ ನನ್ನ ಮುಂಗೈ ಹಿಡಿದಳು, ಚಿಕ್ಕಂದಿನಲ್ಲಿ ಶಾಲೆಗೆ ಕರೆದೊಯ್ಯುವಾಗ ಹಿಡಿಯುತ್ತಿದ್ದ ಹಾಗೆ ಗಟ್ಟಿಯಾಗಿ, ತಂದು ಮತ್ತೆ ಹ್ಯಾಂಡಲ್ ಮೇಲೆ ಇಟ್ಟಳು.

"ಎರಡೂ ಕೈಲೇ ಹಿಡದ ಹೊಡಿ" ಎಂದಳು. "ಮನಿಯಾಗ ಒಬ್ಬರ ಕೈ ಹೋಗಿದ್ದ ಸಾಕು."

ಅವಳ ಕೈ ನನ್ನ ಕೈಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ನಾನು ಸರಿಯಲಿಲ್ಲ. ಹಾಲಿನ ಕ್ಯಾನು ಕಟ್ಟಿದ ಗಾಡಿಯೊಂದು ತನ್ನ ದಾರಿ ತಾನೇ ನೋಡಿಕೊಂಡು ಬಲಗಡೆಯಿಂದ ಮುಂದೆ ಹೋಯಿತು.